ಫ್ರಾಂಕ್‌ಫರ್ಟ್‌ನಿಂದ ಲಂಡನ್ ಎಷ್ಟು ದೂರ, ಎಷ್ಟು ಹೊತ್ತು?

ಮಧ್ಯಾಹ್ನ 12 ಗಂಟೆಗೆ ಫ್ರಾಂಕ್‌ಫರ್ಟ್ ಬಿಡುವ ವಿಮಾನ 12.40ಕ್ಕೆ ಲಂಡನ್‌ನ ಹೀಥ್ರೂ ತಲುಪುತ್ತದೆ ಅಂತ ಟಿಕೆಟ್‌ನಲ್ಲಿ ಇರುತ್ತದೆ. ವಾಪಸ್ ಬರುವಾಗ ಹೀಥ್ರೂವಿನಿಂದ 12ಕ್ಕೇ ಹೊರಟರೂ ಫ್ರಾಂಕ್‌ಫರ್ಟ್ ಸೇರುವುದು 2.40ಕ್ಕೆ. ಹೋಗಲು ನಲವತ್ತು ನಿಮಿಷ, ಬರಲು ಎರಡು ಗಂಟೆ ನಲವತ್ತು ನಿಮಿಷ. ದೂರ ಎಷ್ಟು ಅಂತ ಹುಡುಕಿದರೆ ಇನ್ನೂ ಗೊಂದಲ. ಒಂದು ಕಡೆ 655, ಇನ್ನೊಂದು ಕಡೆ 407, ಮತ್ತೊಂದು ಕಡೆ 354.

ಬೆಂಗಳೂರಿನಿಂದ ಈ ಎರಡೂ ಊರುಗಳಿಗೆ ನೇರ ವಿಮಾನ ಇದೆ. ಮಗ ಜರ್ಮನಿಯಲ್ಲಿ, ಮಗಳು ಇಂಗ್ಲೆಂಡಿನಲ್ಲಿ ಅನ್ನುವ ಮನೆಗಳು ಈಗ ನಮ್ಮಲ್ಲಿ ಬೇಕಾದಷ್ಟಿವೆ. ಮಕ್ಕಳನ್ನು ನೋಡಲು ಹೋದ ಅಪ್ಪ ಅಮ್ಮ ಒಂದು ಊರಿನಿಂದ ಇನ್ನೊಂದಕ್ಕೆ ಹಾರಲೇಬೇಕು. ಟಿಕೆಟ್ ಕಾಯ್ದಿರಿಸುವಾಗ, ನಡುವೆ ವಿಮಾನ ಬದಲಿಸುವಾಗ, ವಿಮಾನ ತಡವಾಗಿ ಪರಿಹಾರ ಕೇಳುವಾಗ, ಎಲ್ಲ ಕಡೆಯೂ ಈ ದೂರ ಮತ್ತು ಹೊತ್ತಿನ ಲೆಕ್ಕ ಎದುರಾಗುತ್ತದೆ. ಹಾಗಾಗಿ ಈ ಒಂದು ಜೋಡಿಯನ್ನೇ ಹಿಡಿದು ಲೆಕ್ಕ ಬಿಡಿಸೋಣ. ಯುರೋಪಿನ ಬೇರೆ ಯಾವ ಎರಡು ನಿಲ್ದಾಣ ತೆಗೆದುಕೊಂಡರೂ ಅಂಕಿ ಬದಲಾಗುತ್ತದೆ, ಲೆಕ್ಕದ ರೀತಿ ಬದಲಾಗುವುದಿಲ್ಲ.

ಮೊದಲು ಗಡಿಯಾರ

ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ಫ್ರಾಂಕ್‌ಫರ್ಟ್ ಗಡಿಯಾರ ಲಂಡನ್‌ಗಿಂತ ಒಂದು ಗಂಟೆ ಮುಂದೆ. ಫ್ರಾಂಕ್‌ಫರ್ಟ್‌ನಲ್ಲಿ 12 ಹೊಡೆದಾಗ ಲಂಡನ್‌ನಲ್ಲಿ ಇನ್ನೂ 11. ಅಲ್ಲಿಂದ ಒಂದು ಗಂಟೆ ನಲವತ್ತು ನಿಮಿಷ ಸೇರಿಸಿದರೆ 12.40. ವಾಪಸ್ ಬರುವಾಗ ಅದೇ ಒಂದು ಗಂಟೆ ನಲವತ್ತು ನಿಮಿಷಕ್ಕೆ ಒಂದು ಗಂಟೆ ಕೂಡುತ್ತದೆ. ಅಂದರೆ ಪ್ರಯಾಣದ ಹೊತ್ತು ಎರಡೂ ಕಡೆ ಹೆಚ್ಚುಕಡಿಮೆ ಒಂದೇ.

ಬೇಸಿಗೆ, ಚಳಿಗಾಲಕ್ಕೆ ಅಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುತ್ತಾರಲ್ಲ, ಆಗ ಈ ವ್ಯತ್ಯಾಸ ಬದಲಾಗುವುದಿಲ್ಲವೇ? ಇಲ್ಲ. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬ್ರಿಟನ್, ಜರ್ಮನಿ ಎರಡೂ ಒಂದೇ ಕ್ಷಣದಲ್ಲಿ ಗಡಿಯಾರ ಬದಲಿಸುತ್ತವೆ. ಬದಲಾಗುವುದು ನಮ್ಮ ಜೊತೆಗಿನ ವ್ಯತ್ಯಾಸ. ಚಳಿಗಾಲದಲ್ಲಿ ಫ್ರಾಂಕ್‌ಫರ್ಟ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ಲಂಡನ್ ಐದೂವರೆ ಮತ್ತು ನಾಲ್ಕೂವರೆ. ಲಿಸ್ಬನ್ ಗಡಿಯಾರ ಲಂಡನ್‌ನದ್ದೇ. ಹೆಲ್ಸಿಂಕಿ, ಅಥೆನ್ಸ್ ಫ್ರಾಂಕ್‌ಫರ್ಟ್‌ಗಿಂತ ಒಂದು ಗಂಟೆ ಮುಂದೆ. ಇಸ್ತಾಂಬುಲ್, ಐಸ್‌ಲ್ಯಾಂಡ್‌ನಂಥ ಕೆಲವು ಕಡೆ ಮಾತ್ರ ವರ್ಷವಿಡೀ ಗಡಿಯಾರ ಮುಟ್ಟುವುದಿಲ್ಲ. ಅಲ್ಲಿಗೆ ಹೋಗುವವರು ತಿಂಗಳು ನೋಡಿ ಲೆಕ್ಕ ಹಾಕಬೇಕು.

ದೂರ ಅಂದರೆ ಯಾವ ದೂರ?

655, 407, 354 ಮೂರೂ ಸರಿ. ಮೊದಲನೆಯದು ಕಿಲೋಮೀಟರ್, ಎರಡನೆಯದು ರಸ್ತೆಯಲ್ಲಿ ಅಳೆಯುವ ಮೈಲಿ, ಮೂರನೆಯದು ನಾಟಿಕಲ್ ಮೈಲಿ. ಹಡಗು ಮತ್ತು ವಿಮಾನದವರು ಬಳಸುವ ನಾಟಿಕಲ್ ಮೈಲಿ ಒಂದಕ್ಕೆ 1,852 ಮೀಟರ್. ಗಂಟೆಗೆ ಒಂದು ನಾಟಿಕಲ್ ಮೈಲಿ ವೇಗವೇ ಒಂದು ನಾಟ್.

ಆದರೆ ಈ ಅಂಕಿ ಯಾವುದರ ಉದ್ದ? ಎರಡು ನಿಲ್ದಾಣಗಳ ನಡುವೆ ಭೂಮಿಯ ಮೈಮೇಲೆ ಎಳೆಯಬಹುದಾದ ಅತಿ ಗಿಡ್ಡ ಗೆರೆಯ ಉದ್ದ. ಇದನ್ನು ಗ್ರೇಟ್ ಸರ್ಕಲ್ ದೂರ ಎನ್ನುತ್ತಾರೆ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಂದು ದಾರ ತೆಗೆದುಕೊಳ್ಳಿ. ಒಂದು ತುದಿಯನ್ನು ಲಿಸ್ಬನ್ ಮೇಲೆ, ಇನ್ನೊಂದನ್ನು ಹೆಲ್ಸಿಂಕಿ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಬ್ರಸೆಲ್ಸ್ ಹತ್ತಿರ ಹಾದುಹೋಗುತ್ತದೆ. ಈಗ ಶಾಲೆಯ ಗೋಡೆಯ ಮೇಲಿರುವ ಚಪ್ಪಟೆ ನಕ್ಷೆಯಲ್ಲಿ ಅದೇ ಎರಡು ಊರುಗಳ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆಯಿರಿ. ಗೆರೆ ಪ್ಯಾರಿಸ್‌ಗಿಂತಲೂ ದಕ್ಷಿಣಕ್ಕೆ ಹೋಗುತ್ತದೆ. ದುಂಡನೆಯ ಭೂಮಿಯನ್ನು ಚಪ್ಪಟೆ ಹಾಳೆಯ ಮೇಲೆ ಹರಡುವಾಗ ಉತ್ತರದ ಭಾಗ ಹಿಗ್ಗಿರುತ್ತದೆ. ಅದಕ್ಕೇ ನಕ್ಷೆಯ ನೆಟ್ಟನೆ ಗೆರೆ ನಿಜವಾಗಿ ಉದ್ದದ ದಾರಿ, ವಿಮಾನದ ಪರದೆಯಲ್ಲಿ ಬಿಲ್ಲಿನ ಹಾಗೆ ಬಾಗಿದಂತೆ ಕಾಣುವ ದಾರಿಯೇ ಗಿಡ್ಡದ್ದು. ಲಿಸ್ಬನ್–ಹೆಲ್ಸಿಂಕಿ ನಡುವೆ ಹೀಗೆ ಅಳೆದರೆ ಸುಮಾರು 3,360 ಕಿ.ಮೀ.

ಫ್ರಾಂಕ್‌ಫರ್ಟ್–ಹೀಥ್ರೂ ಹತ್ತಿರದ ಊರುಗಳಾದ್ದರಿಂದ ಈ ಬಾಗು ಅಷ್ಟಾಗಿ ಕಾಣುವುದಿಲ್ಲ. ಆದರೂ ಒಂದು ಕಡೆ 655, ಇನ್ನೊಂದು ಕಡೆ 657 ಅಂತ ಬರಬಹುದು. ಭೂಮಿ ಪೂರ್ತಿ ದುಂಡಗಿಲ್ಲ. ಸಮಭಾಜಕದ ಬಳಿ ಅದರ ಅಡ್ಡಳತೆ ಧ್ರುವಗಳ ನಡುವಿನ ಅಳತೆಗಿಂತ ಸುಮಾರು 43 ಕಿ.ಮೀ. ಜಾಸ್ತಿ. ಕೆಲವರು ಭೂಮಿಯನ್ನು ಚೆಂಡು ಅಂದುಕೊಂಡು ಲೆಕ್ಕ ಹಾಕುತ್ತಾರೆ, ಕೆಲವರು ಈ ಉಬ್ಬನ್ನೂ ಸೇರಿಸುತ್ತಾರೆ. ಒಂದೆರಡು ಕಿಲೋಮೀಟರಿಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ವಿಮಾನ ಆ ಗೆರೆಯ ಮೇಲೆ ಹಾರುವುದಿಲ್ಲ

ತಲೆ ಕೆಡಿಸಿಕೊಳ್ಳಬೇಕಾದ ವಿಷಯ ಇದು. 655 ಕಿ.ಮೀ. ಅನ್ನುವುದು ಗೆರೆಯ ಉದ್ದ, ವಿಮಾನ ಹಾರುವ ದೂರ ಅಲ್ಲ. ಹಾರುವ ದೂರ ಯಾವಾಗಲೂ ಇದಕ್ಕಿಂತ ಹೆಚ್ಚು. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ವಿಮಾನದ ಹೊಗೆಯ ಲೆಕ್ಕ ಹಾಕುವಾಗ ಇದನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತದೆ. ಗ್ರೇಟ್ ಸರ್ಕಲ್ ದೂರ 550ರಿಂದ 5,500 ಕಿ.ಮೀ. ಒಳಗಿದ್ದರೆ ಅದಕ್ಕೆ ಇನ್ನೂ 100 ಕಿ.ಮೀ. ಸೇರಿಸುತ್ತದೆ. ಅಂದರೆ ನಮ್ಮ 655 ಅವರ ಲೆಕ್ಕದಲ್ಲಿ 755.

ಆ ಹೆಚ್ಚುವರಿ ದೂರ ಎಲ್ಲಿಂದ ಬರುತ್ತದೆ? ದೊಡ್ಡ ಪಾಲು ಎರಡು ತುದಿಗಳಲ್ಲಿ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಲಂಡನ್‌ನಲ್ಲಿ ವರ್ಷದ ಹೆಚ್ಚು ದಿನ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಹಾಗಾಗಿ ಪೂರ್ವದಲ್ಲಿರುವ ಫ್ರಾಂಕ್‌ಫರ್ಟ್‌ಗೆ ಹೊರಟ ವಿಮಾನವೂ ಮೊದಲು ಪಶ್ಚಿಮಕ್ಕೆ ಮುಖ ಮಾಡಿ ಏರುತ್ತದೆ, ಆಮೇಲೆ ತಿರುಗಿಕೊಂಡು ಬರುತ್ತದೆ. ಫ್ರಾಂಕ್‌ಫರ್ಟ್‌ನಲ್ಲೂ ಗಾಳಿ ಪಶ್ಚಿಮದ್ದೇ ಆಗಿದ್ದರೆ ಇಳಿಯುವಾಗ ಊರನ್ನು ದಾಟಿ ಹೋಗಿ, ಪೂರ್ವದ ಕಡೆಯಿಂದ ಮತ್ತೆ ವಾಪಸ್ ತಿರುಗಿ ಇಳಿಯಬೇಕು. ಎರಡೂ ತುದಿಗೆ ಒಂದೊಂದು ಸುತ್ತು. ಅದೇ ದಿನ ಫ್ರಾಂಕ್‌ಫರ್ಟ್‌ನಿಂದ ಲಂಡನ್‌ಗೆ ಹೊರಟ ವಿಮಾನ ಪಶ್ಚಿಮಕ್ಕೆ ಏರಿ, ಪಶ್ಚಿಮಕ್ಕೇ ಹಾರಿ, ಪಶ್ಚಿಮಕ್ಕೆ ಮುಖ ಮಾಡಿಯೇ ಇಳಿಯುತ್ತದೆ. ಕಿಟಕಿ ಪಕ್ಕ ಕೂತವರಿಗೆ ಬಲಕ್ಕೆ ಥೇಮ್ಸ್ ನದಿ, ಲಂಡನ್ ಊರು ಕಾಣುವುದು ಇಂಥ ದಿನಗಳಲ್ಲೇ.

ನಡುವಿನ ದಾರಿಯಲ್ಲೂ ಸ್ವಲ್ಪ ಬಳಸು ಇರುತ್ತದೆ. ಆಕಾಶದಲ್ಲಿ ಐದು ಅಕ್ಷರದ ಹೆಸರಿನ ಗುರುತು ಬಿಂದುಗಳಿವೆ. ವಿಮಾನ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಈ ಚಿಕ್ಕ ದಾರಿಯಲ್ಲೇ ಹಲವು ನಿಯಂತ್ರಣ ಕೇಂದ್ರಗಳ ಕೈ ಬದಲಾಗುತ್ತದೆ. ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್ ಮತ್ತು ವಾಯವ್ಯ ಜರ್ಮನಿಯ ಮೇಲಿನ ಎತ್ತರದ ಆಕಾಶವನ್ನು ಮಾತ್ರ ಮಾಸ್ಟ್ರಿಕ್ಟ್‌ನ ಒಂದೇ ಕೇಂದ್ರ ನೋಡಿಕೊಳ್ಳುತ್ತದೆ. ಸೇನೆಯವರು ಅಭ್ಯಾಸ ಮಾಡುವ ಜಾಗ, ಗುಡುಗು ಮೋಡ ಇದ್ದರೆ ಅದನ್ನೂ ಬಳಸಬೇಕು.

ಆಕಾಶವೇ ಮುಚ್ಚಿದರೆ ಈ ಬಳಸು ದೊಡ್ಡದಾಗುತ್ತದೆ. 2022ರ ಫೆಬ್ರವರಿಯಿಂದ ಉಕ್ರೇನ್ ಮೇಲೆ ಪ್ರಯಾಣಿಕರ ವಿಮಾನಗಳಿಲ್ಲ. ರಷ್ಯಾ ಮತ್ತು ಯುರೋಪಿಯನ್ ಒಕ್ಕೂಟ ಒಬ್ಬರ ವಿಮಾನಕ್ಕೆ ಒಬ್ಬರು ಆಕಾಶ ಮುಚ್ಚಿವೆ. ಮಾಸ್ಕೋದಿಂದ ರಷ್ಯಾದ್ದೇ ಊರಾದ ಕಲಿನಿನ್‌ಗ್ರಾಡ್‌ಗೆ ಹೋಗುವ ವಿಮಾನ ಈಗ ಲಿಥುವೇನಿಯಾ ಮೇಲೆ ನೇರ ಹಾರುವಂತಿಲ್ಲ. ಉತ್ತರಕ್ಕೆ ಹೋಗಿ, ಫಿನ್‌ಲ್ಯಾಂಡ್ ಕೊಲ್ಲಿ ಹಿಡಿದು, ಬಾಲ್ಟಿಕ್ ಸಮುದ್ರದ ಮೇಲೆ ಸುತ್ತಿ ಬರುತ್ತದೆ. ಎರಡು ಊರಿನ ನಡುವಿನ ಗ್ರೇಟ್ ಸರ್ಕಲ್ ದೂರ ಒಂದು ಮೀಟರ್ ಕೂಡ ಬದಲಾಗಿಲ್ಲ. ಹಾರುವ ದೂರ ಮಾತ್ರ ಎಷ್ಟೋ ಬೆಳೆದಿದೆ.

ಒಂದು ಗಂಟೆ ನಲವತ್ತು ನಿಮಿಷ ಎಲ್ಲಿ ಹೋಗುತ್ತದೆ?

ಈ ದಾರಿಯಲ್ಲಿ ಸಾಮಾನ್ಯವಾಗಿ ಓಡುವ ಎ320 ಮಾದರಿಯ ವಿಮಾನ 35,000 ಅಡಿ ಎತ್ತರದಲ್ಲಿ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಹಾರುತ್ತದೆ. 655ನ್ನು 830ರಿಂದ ಭಾಗಿಸಿದರೆ 47 ನಿಮಿಷ. ಟಿಕೆಟ್‌ನಲ್ಲಿ ಇರುವುದು 100 ನಿಮಿಷ. ಅರ್ಧಕ್ಕಿಂತ ಜಾಸ್ತಿ ಹೊತ್ತು ಎಲ್ಲಿ ಹೋಯಿತು?

ಟಿಕೆಟ್‌ನಲ್ಲಿರುವುದು ಹಾರಾಟದ ಹೊತ್ತೇ ಅಲ್ಲ. ಗೇಟಿನಿಂದ ವಿಮಾನ ಹಿಂದೆ ಸರಿದ ಕ್ಷಣದಿಂದ, ಆ ಕಡೆ ಗೇಟಿಗೆ ಬಂದು ನಿಲ್ಲುವ ಕ್ಷಣದವರೆಗಿನ ಹೊತ್ತು ಅದು. ವಿಮಾನದವರು ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ಗಾಲಿಗಳಿಗೆ ಕೊಟ್ಟ ಅಡ್ಡಗಟ್ಟೆ ತೆಗೆದಾಗ ಶುರು, ಮತ್ತೆ ಇಟ್ಟಾಗ ಮುಗಿಯಿತು. ಗಾಲಿ ನೆಲ ಬಿಟ್ಟಲ್ಲಿಂದ ನೆಲ ಮುಟ್ಟುವವರೆಗಿನ ಹೊತ್ತು ಇದರೊಳಗಿನ ಒಂದು ಭಾಗ ಅಷ್ಟೇ. ಈ ದಾರಿಯಲ್ಲಿ ಅದು ಒಂದು ಗಂಟೆಗಿಂತ ತುಸು ಹೆಚ್ಚು.

ಹೀಥ್ರೂವಿನಿಂದ ಹೊರಡುವ ವಿಮಾನವನ್ನೇ ಹತ್ತಿರದಿಂದ ನೋಡೋಣ. ಹೀಥ್ರೂಗೆ ಇರುವುದು ಎರಡೇ ರನ್‌ವೇ. ವರ್ಷಕ್ಕೆ 4,80,000 ಏರಿಳಿತಗಳ ಮಿತಿ ಇದೆ, ನಿಲ್ದಾಣ ಆ ಮಿತಿಯ ಅಂಚಿನಲ್ಲೇ ನಡೆಯುತ್ತದೆ. ಬೆಳಗಿನ ಹೊತ್ತು ರನ್‌ವೇ ತುದಿಯಲ್ಲಿ ವಿಮಾನಗಳ ಸಾಲು ನಿಂತಿರುತ್ತದೆ. ಗೇಟು ಬಿಟ್ಟ ಮೇಲೆ ಹದಿನೈದು, ಇಪ್ಪತ್ತು ನಿಮಿಷ ನೆಲದ ಮೇಲೆ ಉರುಳುವುದು, ಕಾಯುವುದು ಮಾಮೂಲು. ಏರಿದ ಮೇಲೂ 10,000 ಅಡಿಗಿಂತ ಕೆಳಗೆ ಇರುವಾಗ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ವೇಗದ ಮಿತಿ. ಪೂರ್ತಿ ಎತ್ತರ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕು, ಅಷ್ಟರಲ್ಲಿ 200 ಕಿ.ಮೀ. ಕಳೆದಿರುತ್ತದೆ.

ಇಳಿಯುವುದಕ್ಕೂ ಅಷ್ಟೇ ಜಾಗ ಬೇಕು. ಪ್ರತಿ 1,000 ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಅನ್ನುವುದು ಪೈಲಟ್‌ಗಳ ಬಾಯಿಲೆಕ್ಕ. 35,000 ಅಡಿಯಿಂದ ಇಳಿಯಲು 105 ನಾಟಿಕಲ್ ಮೈಲಿ, ಹತ್ತಿರ ಹತ್ತಿರ 195 ಕಿ.ಮೀ. ಏರುವುದಕ್ಕೆ 200, ಇಳಿಯುವುದಕ್ಕೆ 195 ಕಳೆದರೆ ಪೂರ್ತಿ ವೇಗದಲ್ಲಿ ಸಮನಾಗಿ ಹಾರಲು ಉಳಿಯುವುದು ಸುಮಾರು 260 ಕಿ.ಮೀ. ಇಪ್ಪತ್ತು ನಿಮಿಷದ ಆಸುಪಾಸು. ಕಾಫಿ ಕೊಟ್ಟ ಸಿಬ್ಬಂದಿ ಅಷ್ಟು ಬೇಗ ಕಪ್ ವಾಪಸ್ ಕೇಳುವುದು ಇದಕ್ಕೇ.

ಇನ್ನು ಫ್ರಾಂಕ್‌ಫರ್ಟ್. ಅಲ್ಲಿ ನಾಲ್ಕು ರನ್‌ವೇಗಳಿವೆ. 2011ರಲ್ಲಿ ಶುರುವಾದ ವಾಯವ್ಯ ರನ್‌ವೇ ಇಳಿಯುವುದಕ್ಕೆ ಮಾತ್ರ. ಅದಕ್ಕೂ ಟರ್ಮಿನಲ್‌ಗೂ ನಡುವೆ ಎ3 ಹೆದ್ದಾರಿ ಮತ್ತು ವೇಗದ ರೈಲಿನ ಹಳಿ. ಇಳಿದ ವಿಮಾನ ಸೇತುವೆ ಮೇಲೆ ಉರುಳಿಕೊಂಡು ಹೆದ್ದಾರಿ ದಾಟಬೇಕು. ಕಿಟಕಿಯಿಂದ ಕೆಳಗೆ ಕಾರು, ಲಾರಿಗಳು ಓಡುವುದು ಕಾಣುತ್ತದೆ. ಅದು ಮುಗಿದು ಗೇಟು ಸೇರಲು ಹತ್ತು ನಿಮಿಷವಾದರೂ ಹಿಡಿಯುತ್ತದೆ. ಆಮ್‌ಸ್ಟರ್‌ಡ್ಯಾಮ್‌ನ ಪೋಲ್ಡರ್‌ಬಾನ್ ರನ್‌ವೇ ಕೂಡ ಹೀಗೇ ದೂರದ್ದು. ಅಲ್ಲಿ ಇಳಿದವರಿಗೆ ವಿಮಾನ ಮುಂದಿನ ಊರಿಗೇ ರಸ್ತೆಯಲ್ಲಿ ಹೊರಟಿತೇನೋ ಅನ್ನಿಸುತ್ತದೆ.

ಲಂಡನ್ ಕಡೆಗೆ ಬರುವಾಗ ಕಾಯುವಿಕೆ ಆಕಾಶದಲ್ಲಿ. ಹೀಥ್ರೂ ಸುತ್ತ ಬೋವಿಂಗ್‌ಡನ್, ಲ್ಯಾಂಬೋರ್ನ್, ಓಕಮ್, ಬಿಗಿನ್ ಅಂತ ನಾಲ್ಕು ಕಾಯುವ ಜಾಗಗಳಿವೆ. ರನ್‌ವೇ ಬಿಡುವಿಲ್ಲದಿದ್ದರೆ ವಿಮಾನಗಳು ಅಲ್ಲಿ ಒಂದರ ಮೇಲೊಂದು, 1,000 ಅಡಿ ಅಂತರದಲ್ಲಿ ಸುತ್ತು ಹೊಡೆಯುತ್ತವೆ. ಒಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ. ಕೆಳಗಿನ ವಿಮಾನ ಇಳಿಯಲು ಹೋದಂತೆ ಮೇಲಿನವು ಒಂದೊಂದು ಮೆಟ್ಟಿಲು ಕೆಳಗೆ ಬರುತ್ತವೆ.

ಒಮ್ಮೊಮ್ಮೆ ಆಕಾಶದಲ್ಲಿ ಕಾಯಿಸುವ ಬದಲು ನೆಲದಲ್ಲೇ ಹಿಡಿದಿಡುತ್ತಾರೆ. ಎಲ್ಲರೂ ಹತ್ತಿ ಕೂತು ಬಾಗಿಲು ಹಾಕಿದ ಮೇಲೆ "ನಮಗೆ ಸ್ಲಾಟ್ ಸಿಕ್ಕಿಲ್ಲ, ಇಪ್ಪತ್ತೈದು ನಿಮಿಷ ಕಾಯಬೇಕು" ಅಂತ ಪೈಲಟ್ ಹೇಳುವುದನ್ನು ಕೇಳಿರಬಹುದು. ಯುರೋಪಿನ ಆಕಾಶದ ಒಟ್ಟು ದಟ್ಟಣೆಯನ್ನು ಬ್ರಸೆಲ್ಸ್‌ನಲ್ಲಿರುವ ಯೂರೋಕಂಟ್ರೋಲ್ ನೋಡಿಕೊಳ್ಳುತ್ತದೆ. ದಾರಿಯಲ್ಲಿ ಎಲ್ಲಾದರೂ ಜಾಗ ಸಾಲದಿದ್ದರೆ ಅದು ವಿಮಾನಕ್ಕೆ ಏರುವ ಹೊತ್ತನ್ನು ಗೊತ್ತುಮಾಡುತ್ತದೆ. ಅದಕ್ಕಿಂತ ಐದು ನಿಮಿಷ ಮೊದಲಿನಿಂದ ಹತ್ತು ನಿಮಿಷ ಆಮೇಲಿನವರೆಗೆ ಏರಬಹುದು. ತಪ್ಪಿದರೆ ಹೊಸ ಹೊತ್ತು ಕೇಳಬೇಕು.

ಇಷ್ಟೆಲ್ಲ ಗೊತ್ತಿರುವುದರಿಂದಲೇ ವಿಮಾನ ಕಂಪನಿಗಳು ವೇಳಾಪಟ್ಟಿಯಲ್ಲಿ ಸ್ವಲ್ಪ ಹೊತ್ತನ್ನು ಕೈಯಲ್ಲಿಟ್ಟುಕೊಳ್ಳುತ್ತವೆ. ಹಿಂದಿನ ಹಂಗಾಮುಗಳಲ್ಲಿ ಅದೇ ದಾರಿಗೆ, ದಿನದ ಅದೇ ಹೊತ್ತಿಗೆ ಎಷ್ಟು ಹಿಡಿದಿತ್ತು ಅಂತ ನೋಡಿ ಬ್ಲಾಕ್ ಟೈಮ್ ನಿಗದಿ ಮಾಡುತ್ತವೆ. ಬೆಳಗಿನ ದಟ್ಟಣೆಯ ವಿಮಾನಕ್ಕೆ ಹೆಚ್ಚು, ಬಿಡುವಿನ ಹೊತ್ತಿನದಕ್ಕೆ ಕಡಿಮೆ. ಅರ್ಧ ಗಂಟೆ ತಡವಾಗಿ ಹೊರಟ ವಿಮಾನ ಹತ್ತೇ ನಿಮಿಷ ತಡವಾಗಿ ತಲುಪಿದರೆ ಪೈಲಟ್ ಜೋರಾಗಿ ಓಡಿಸಿದರು ಅಂತಲ್ಲ. ಕೈಯಲ್ಲಿಟ್ಟುಕೊಂಡಿದ್ದ ಹೊತ್ತು ಖರ್ಚಾಯಿತು, ಅಷ್ಟೇ.

ಒಟ್ಟು ಲೆಕ್ಕ ಹಾಕಿದರೆ ನಮ್ಮ ವಿಮಾನದ ಸರಾಸರಿ ವೇಗ ಗಂಟೆಗೆ 400 ಕಿ.ಮೀ.ಗೂ ಕಡಿಮೆ. ಅದೇ ಲಿಸ್ಬನ್–ಹೆಲ್ಸಿಂಕಿಗೆ ಸುಮಾರು ನಾಲ್ಕೂಮುಕ್ಕಾಲು ಗಂಟೆ, ಅಂದರೆ ಗಂಟೆಗೆ 700 ಕಿ.ಮೀ. ದೂರ ಐದು ಪಟ್ಟು ಹೆಚ್ಚಿದರೆ ಹೊತ್ತು ಮೂರು ಪಟ್ಟೂ ಆಗಲಿಲ್ಲ. ಉರುಳುವುದು, ಏರುವುದು, ಇಳಿಯುವುದು ಎರಡಕ್ಕೂ ಒಂದೇ. ಉದ್ದವಾಗುವುದು ನಡುವಿನ ವೇಗದ ಭಾಗ ಮಾತ್ರ. ಹಾಗಾಗಿ ಒಂದು ದಾರಿಯ ಹೊತ್ತನ್ನು ನೋಡಿ ಇನ್ನೊಂದನ್ನು ಗುಣಿಸಿ ಊಹಿಸಿದರೆ ತಪ್ಪುತ್ತದೆ.

ಇದರ ಕೊನೆಯ ತುದಿ ನೋಡಬೇಕೆಂದರೆ ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಿಗೆ ಹೋಗಬೇಕು. ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ದೂರ 2.7 ಕಿ.ಮೀ. ವೇಳಾಪಟ್ಟಿಯಲ್ಲಿ ಎರಡು ನಿಮಿಷ. ದಾಖಲೆ 53 ಸೆಕೆಂಡ್. ಹೀಥ್ರೂವಿನ ಉತ್ತರ ರನ್‌ವೇ ಒಂದೇ 3.9 ಕಿ.ಮೀ. ಉದ್ದ ಇದೆ!

ಗಾಳಿ ಕೊಡುವುದು, ಕಸಿಯುವುದು

ಯುರೋಪಿನ ಮೇಲೆ, ವಿಮಾನಗಳು ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿಯ ಹೊಳೆ ಹರಿಯುತ್ತದೆ. ಇದೇ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ಮೀರುವುದೂ ಉಂಟು. ತುಂಬಿದ ಹೊಳೆಯಲ್ಲಿ ಹರಿಗೋಲು ನಡೆಸುವವರನ್ನು ಕೇಳಿ ನೋಡಿ. ಹುಟ್ಟು ಹಾಕುವ ಕಸುವು ಒಂದೇ, ಆದರೆ ಸೆಳವಿನ ಜೊತೆ ಹೋದರೆ ದಡ ಬೇಗ ಸಿಗುತ್ತದೆ, ಸೆಳವಿಗೆ ಎದುರಾದರೆ ತಡ. ವಿಮಾನವೂ ಹಾಗೇ. ಅದರ ವೇಗ ಸುತ್ತಲಿನ ಗಾಳಿಗೆ ಹೋಲಿಸಿದ್ದು. ಗಾಳಿಯೇ ಚಲಿಸುತ್ತಿದ್ದರೆ ನೆಲದ ಲೆಕ್ಕದಲ್ಲಿ ವೇಗ ಕೂಡುತ್ತದೆ ಇಲ್ಲವೇ ಕಳೆಯುತ್ತದೆ.

ಲೆಕ್ಕ ಸುಲಭವಾಗಲಿ ಅಂತ ವಿಮಾನದ ವೇಗ 800, ಗಾಳಿ 100 ಅಂದುಕೊಳ್ಳೋಣ. ಏರುವುದು ಇಳಿಯುವುದು ಸದ್ಯಕ್ಕೆ ಬಿಡೋಣ. ಗಾಳಿ ಇಲ್ಲದಿದ್ದರೆ 655 ಕಿ.ಮೀ.ಗೆ 49 ನಿಮಿಷ, ಹೋಗಿಬರಲು 98. ಗಾಳಿ ಇದ್ದರೆ ಫ್ರಾಂಕ್‌ಫರ್ಟ್ ಕಡೆಗೆ 900ರ ವೇಗದಲ್ಲಿ 44 ನಿಮಿಷ, ಲಂಡನ್ ಕಡೆಗೆ 700ರ ವೇಗದಲ್ಲಿ 56. ಒಟ್ಟು 100. ಹೋಗುವಾಗ ಗಳಿಸಿದ್ದು ಬರುವಾಗ ಸಮ ಆಗಲಿಲ್ಲ ನೋಡಿ. ಉಳಿಸಿದ್ದು ಐದು ನಿಮಿಷ, ಕಳೆದದ್ದು ಏಳು. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರಬೇಕಾಗುತ್ತದೆ, ಹಾಗಾಗಿ ಗಾಳಿಗೆ ಕಸಿಯಲು ಹೆಚ್ಚು ಹೊತ್ತು ಸಿಗುತ್ತದೆ.

ಈ ಚಿಕ್ಕ ದಾರಿಯಲ್ಲಿ ಇದು ಕೆಲವೇ ನಿಮಿಷದ ಮಾತು. ಮೇಲೆ ಹೇಳಿದ ಎರಡು ತುದಿಯ ಸುತ್ತುಗಳು ಹಿಂಗಾಳಿಯ ಲಾಭವನ್ನು ಅಲ್ಲೇ ತಿಂದುಹಾಕಲೂಬಹುದು. ಲಿಸ್ಬನ್–ಹೆಲ್ಸಿಂಕಿಯಂಥ ಉದ್ದದ ದಾರಿಯಲ್ಲಿ ಮಾತ್ರ ಹೋಗುವ, ಬರುವ ಹೊತ್ತಿನ ವ್ಯತ್ಯಾಸ ವೇಳಾಪಟ್ಟಿಯಲ್ಲೇ ಕಾಣುತ್ತದೆ.

ದೂರ ದುಡ್ಡಾಗುವುದು ಹೀಗೆ

ವಿಮಾನ ತಡವಾದರೆ ಯುರೋಪಿನಲ್ಲಿ ಪರಿಹಾರ ಸಿಗುತ್ತದೆ ಅಂತ ಕೇಳಿರುತ್ತೀರಿ. ಅದು ಯುರೋಪಿಯನ್ ಒಕ್ಕೂಟದ 261/2004 ಸಂಖ್ಯೆಯ ನಿಯಮ. ಇಲ್ಲಿ ದೂರ, ಹೊತ್ತು ಎರಡೂ ಕಾನೂನಿನ ಅಂಕಿಗಳಾಗುತ್ತವೆ. ಮೂರು ಗಂಟೆ ಅಥವಾ ಅದಕ್ಕಿಂತ ತಡವಾಗಿ ತಲುಪಿದರೆ, ದೂರ 1,500 ಕಿ.ಮೀ. ಒಳಗಿದ್ದರೆ 250 ಯೂರೋ. ಅದಕ್ಕಿಂತ ಉದ್ದದ ಒಕ್ಕೂಟದೊಳಗಿನ ಪ್ರಯಾಣಕ್ಕೆ, ಮತ್ತು ಬೇರೆ ಕಡೆಗೆ 3,500 ಕಿ.ಮೀ.ವರೆಗೆ 400 ಯೂರೋ. ಅದನ್ನೂ ಮೀರಿದರೆ 600. ಬಿರುಗಾಳಿ, ಆಕಾಶ ನಿಯಂತ್ರಕರ ಮುಷ್ಕರದಂಥ ಕಂಪನಿಯ ಕೈಮೀರಿದ ಕಾರಣಗಳಿದ್ದರೆ ಪರಿಹಾರ ಇಲ್ಲ. ಪ್ರಯಾಣಿಕರ ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಫ್ರಾಂಕ್‌ಫರ್ಟ್‌ನಿಂದ ಹೊರಟರೆ ಯಾವ ಕಂಪನಿಯ ವಿಮಾನವಾದರೂ ಈ ನಿಯಮ ಅನ್ವಯಿಸುತ್ತದೆ. ಬೆಂಗಳೂರಿನಿಂದ ಹೊರಟರೆ ಯುರೋಪಿಯನ್ ಒಕ್ಕೂಟದ ಕಂಪನಿಯ ವಿಮಾನವಾಗಿರಬೇಕು. ಬ್ರಿಟನ್ ಒಕ್ಕೂಟ ಬಿಟ್ಟ ಮೇಲೂ ಇಂಥದ್ದೇ ನಿಯಮ ಇಟ್ಟುಕೊಂಡಿದೆ. ಅಲ್ಲಿ ಮೊದಲ ಹಂತಕ್ಕೆ 220 ಪೌಂಡ್. ಒಕ್ಕೂಟದ ನಿಯಮ ತಿದ್ದುವ ಮಾತುಕತೆಯೂ ನಡೆದಿದೆ. ಹಾಗಾಗಿ ಅರ್ಜಿ ಹಾಕುವಾಗ ಆ ದಿನದ ನಿಯಮ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಯಾವ ದೂರ? ಮೂವರು ಪ್ರಯಾಣಿಕರು ರೋಮ್‌ನಿಂದ ಬ್ರಸೆಲ್ಸ್ ಮೂಲಕ ಹ್ಯಾಂಬರ್ಗ್‌ಗೆ ಟಿಕೆಟ್ ಮಾಡಿಸಿದ್ದರು. ತಲುಪಿದ್ದು 3 ಗಂಟೆ 50 ನಿಮಿಷ ತಡವಾಗಿ. ಅವರು ಹಾರಿದ್ದು ಎರಡು ತುಂಡು ಸೇರಿ 1,656 ಕಿ.ಮೀ. ಹಾಗಾಗಿ 400 ಯೂರೋ ಕೊಡಿ ಅಂದರು. ರೋಮ್‌ನಿಂದ ಹ್ಯಾಂಬರ್ಗ್‌ಗೆ ನೇರ ಗೆರೆ 1,326 ಕಿ.ಮೀ. ಮಾತ್ರ, 250 ಸಾಕು ಅಂತ ಕಂಪನಿ ಹೇಳಿತು. ವಿಷಯ ಯುರೋಪಿಯನ್ ಒಕ್ಕೂಟದ ನ್ಯಾಯಾಲಯಕ್ಕೆ ಹೋಯಿತು. 2017ರ ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು: ಮೊದಲು ಹೊರಟ ಊರಿಗೂ ಕೊನೆಗೆ ಸೇರಬೇಕಾದ ಊರಿಗೂ ನಡುವಿನ ಗ್ರೇಟ್ ಸರ್ಕಲ್ ದೂರವೇ ಲೆಕ್ಕ. ನಡುವೆ ಎಲ್ಲಿ ಸುತ್ತಿ ಬಂದಿರಿ ಅನ್ನುವುದು ಮುಖ್ಯವಲ್ಲ. ನೇರವಾಗಿ ಬಂದವರಿಗೂ ಸುತ್ತಿ ಬಂದವರಿಗೂ ತಡದ ತೊಂದರೆ ಒಂದೇ ಅನ್ನುವುದು ನ್ಯಾಯಾಲಯದ ವಾದ.

ಯಾವ ಹೊತ್ತು? ಇನ್ನೊಂದು ಪ್ರಕರಣ ಸಾಲ್ಜ್‌ಬರ್ಗ್‌ನಿಂದ ಕಲೋನ್‌ಗೆ ಬಂದ ವಿಮಾನದ್ದು. ತಲುಪಬೇಕಾಗಿದ್ದು 2.40ಕ್ಕೆ. ಗಾಲಿ ರನ್‌ವೇ ಮುಟ್ಟಿದ್ದು 5.38ಕ್ಕೆ. ಅಂದರೆ 2 ಗಂಟೆ 58 ನಿಮಿಷ ತಡ. ಗೇಟಿಗೆ ಬಂದು ನಿಂತಿದ್ದು 5.43ಕ್ಕೆ, ಅಲ್ಲಿಗೆ 3 ಗಂಟೆ 3 ನಿಮಿಷ. ಬಾಗಿಲು ತೆಗೆದದ್ದು ಇನ್ನೂ ಸ್ವಲ್ಪ ಹೊತ್ತಿಗೆ. ನೆಲ ಮುಟ್ಟಿದ ಹೊತ್ತು ಹಿಡಿದರೆ ಏನೂ ಇಲ್ಲ, ಗೇಟಿನ ಹೊತ್ತು ಹಿಡಿದರೆ 250 ಯೂರೋ. 2014ರಲ್ಲಿ ಅದೇ ನ್ಯಾಯಾಲಯ ತೀರ್ಮಾನಿಸಿತು: ವಿಮಾನದ ಒಂದಾದರೂ ಬಾಗಿಲು ತೆಗೆದು, ಪ್ರಯಾಣಿಕರು ಇಳಿಯಬಹುದು ಅಂತಾದ ಕ್ಷಣವೇ ತಲುಪಿದ ಹೊತ್ತು. ನನಗೆ ಈ ತೀರ್ಪು ತುಂಬ ಸರಿ ಅನ್ನಿಸುತ್ತದೆ. ಬಾಗಿಲು ತೆಗೆಯುವವರೆಗೆ ಪ್ರಯಾಣಿಕರು ಸೀಟಿನಲ್ಲಿ ಕಟ್ಟಿಹಾಕಿದಂತೆ ಕೂತಿರುತ್ತಾರೆ. ಅದನ್ನು ತಲುಪಿದ್ದು ಅಂತ ಹೇಗೆ ಹೇಳುವುದು? ಹಾಗಾಗಿ ಮೂರು ಗಂಟೆಯ ಅಂಚಿನಲ್ಲಿ ತಡವಾದರೆ ಬಾಗಿಲು ತೆಗೆದ ಹೊತ್ತನ್ನು ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಮೂರು ನಾಲ್ಕು ನಿಮಿಷವೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ನಿಲ್ದಾಣದ ಹೆಸರು, ಊರಿನ ದೂರ

ಇಷ್ಟು ಹೊತ್ತು ಗೇಟಿನಿಂದ ಗೇಟಿಗೆ ಲೆಕ್ಕ ಹಾಕಿದೆವು. ನಾವು ಹೋಗಬೇಕಾದದ್ದು ಮನೆಯಿಂದ ಮನೆಗೆ ಅಲ್ವಾ? ಅಗ್ಗದ ಟಿಕೆಟ್ ನೋಡುವಾಗ ಇದನ್ನು ಮರೆಯಬಾರದು. ಫ್ರಾಂಕ್‌ಫರ್ಟ್–ಹಾನ್ ಅನ್ನುವ ನಿಲ್ದಾಣ ಫ್ರಾಂಕ್‌ಫರ್ಟ್ ಊರಿನಿಂದ ಸುಮಾರು 120 ಕಿ.ಮೀ. ದೂರ, ಬೇರೆ ರಾಜ್ಯದಲ್ಲೇ ಇದೆ. ಪ್ಯಾರಿಸ್–ಬೋವೆ ಪ್ಯಾರಿಸ್‌ನಿಂದ ಸುಮಾರು 85 ಕಿ.ಮೀ. ಲಂಡನ್ ಹೆಸರಿನಲ್ಲಿ ಹೀಥ್ರೂ, ಗ್ಯಾಟ್ವಿಕ್, ಸ್ಟ್ಯಾನ್‌ಸ್ಟೆಡ್, ಲೂಟನ್, ಸಿಟಿ, ಸೌತೆಂಡ್ ಅಂತ ಆರು ನಿಲ್ದಾಣಗಳಿವೆ. ಒಂದರಿಂದ ಇನ್ನೊಂದಕ್ಕೆ ಹೋಗುವುದೇ ಅರ್ಧ ದಿನದ ಕೆಲಸ ಆಗಬಹುದು.

ಹತ್ತಿರದ ಊರುಗಳಿಗೆ ರೈಲನ್ನೂ ನೋಡಬೇಕು. ಹೀಥ್ರೂವಿನಿಂದ ಪ್ಯಾರಿಸ್‌ನ ಶಾರ್ಲ್ ದ ಗಾಲ್ ನಿಲ್ದಾಣಕ್ಕೆ ಸುಮಾರು 350 ಕಿ.ಮೀ., ವಿಮಾನದ ಹೊತ್ತು ಒಂದೂಕಾಲು ಗಂಟೆ. ಯೂರೋಸ್ಟಾರ್ ರೈಲಿಗೆ ಎರಡೂಕಾಲು ಗಂಟೆಗಿಂತ ತುಸು ಹೆಚ್ಚು. ಆದರೆ ರೈಲು ಊರಿನ ನಡುವಿನಿಂದ ಹೊರಟು ಊರಿನ ನಡುವೆಯೇ ಇಳಿಸುತ್ತದೆ. ವಿಮಾನಕ್ಕೆ ಎರಡು ಗಂಟೆ ಮೊದಲು ಹೋಗಿ ಕೂರುವುದು, ಇಳಿದ ಮೇಲೆ ಪೆಟ್ಟಿಗೆಗೆ ಕಾಯುವುದು ಸೇರಿಸಿದರೆ ರೈಲೇ ಮುಂದೆ. ಫ್ರಾನ್ಸ್ 2023ರಲ್ಲಿ ಪ್ಯಾರಿಸ್‌ನ ಓರ್ಲಿಯಿಂದ ನಾಂಟ್, ಲಿಯಾನ್, ಬೋರ್ಡೊಗೆ ವಿಮಾನ ನಿಲ್ಲಿಸಿದ್ದು ಎರಡೂವರೆ ಗಂಟೆಯೊಳಗೆ ರೈಲಿದೆ ಅನ್ನುವ ಕಾರಣಕ್ಕೆ.

ಕೊನೆಯದಾಗಿ, ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಬಂದು ಅಲ್ಲಿಂದ ಲಂಡನ್‌ಗೆ ಹೋಗುವವರಿಗೆ. ಎರಡೂ ವಿಮಾನ ಒಂದೇ ಬುಕಿಂಗ್‌ನಲ್ಲಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೂ ಮುಂದಕ್ಕೆ ಕಳಿಸುವುದು ಕಂಪನಿಯ ಹೊಣೆ. ಪೆಟ್ಟಿಗೆಯೂ ಸಾಮಾನ್ಯವಾಗಿ ನೇರ ಲಂಡನ್‌ಗೇ ಹೋಗುತ್ತದೆ. ಬೇರೆ ಬೇರೆ ಟಿಕೆಟ್ ಮಾಡಿಸಿದ್ದರೆ ಫ್ರಾಂಕ್‌ಫರ್ಟ್‌ನಲ್ಲಿ ಪೆಟ್ಟಿಗೆ ತೆಗೆದುಕೊಂಡು ಮತ್ತೆ ಕೊಡಬೇಕಾಗಬಹುದು, ಅದಕ್ಕೆ ಹೊರಗೆ ಬರಬೇಕು, ಹೊರಗೆ ಬರಲು ಷೆಂಗೆನ್ ವೀಸಾ ಬೇಕು. ಬ್ರಿಟನ್ ವೀಸಾ ಅದಕ್ಕೆ ನಡೆಯುವುದಿಲ್ಲ. ಹೀಗಿದ್ದಾಗ ಎರಡು ವಿಮಾನಗಳ ನಡುವೆ ಮೂರ್ನಾಲ್ಕು ಗಂಟೆಯಾದರೂ ಇಟ್ಟುಕೊಳ್ಳಿ. ಆ ಅಂತರ ಲೆಕ್ಕ ಹಾಕುವಾಗ ಟಿಕೆಟ್‌ನಲ್ಲಿರುವ ಫ್ರಾಂಕ್‌ಫರ್ಟ್ ಗಡಿಯಾರದ ಎರಡು ಹೊತ್ತುಗಳನ್ನೇ ಹಿಡಿಯಿರಿ: ಬೆಂಗಳೂರು ವಿಮಾನ ತಲುಪುವ ಹೊತ್ತು, ಲಂಡನ್ ವಿಮಾನ ಹೊರಡುವ ಹೊತ್ತು.